ಜಹೀರ್ ಮೇಷ್ಟ್ರ ಗಂಟಲು ಕಟ್ಟಿದ್ದು

ತುಮಕೂರಿನಿಂದ ಬರಬೇಕಿದ್ದ ಜೀಪಿಗೆ ಗುರುವಾರ ಬೇರೆ ಯಾವುದೋ ಕೆಲಸ ಬಿತ್ತು. ಆದ್ದರಿಂದ ಅದು ಮಂಗಳವಾರವೇ ಗುಬ್ಬಿಗೆ ಬರುವುದೆಂದಾಯಿತು. ಅಷ್ಟೇ ಆದದ್ದು. ಅಷ್ಟರಿಂದ ಜಹೀರ್ ಅಹಮದ್ ಮೇಷ್ಟ್ರು ಸಾವಿನ ಬಾಗಿಲವರೆಗೆ ಹೋಗಿ ಬಂದಷ್ಟು ಬೆವರಬೇಕಾಯಿತು.

ಗುರುವಾರ ಬಂದಿದ್ದರೆ ಅವರು ಊರಲ್ಲೇ ಇರುತ್ತಿರಲಿಲ್ಲ. ಕುಣಿಗಲ್ಲಿನಲ್ಲಿ ಹೆಂಡತಿಯ ಅಕ್ಕನ ಮಗಳ ನಿಶ್ಚಿತಾರ್ಥವಿತ್ತು. ಅದು ಶುಕ್ರವಾರ ಸಂಜೆ. ಆದರೂ ಗುರುವಾರ ಬೆಳಿಗ್ಗೆಯೇ ಹೋಗಿ ಚಪ್ಪರಕ್ಕೆ ಬಿದಿರಿನ ಗಳು ನೆಡಲು ಕೈಜೋಡಿಸುತ್ತೇನೆಂದು ಮೇಷ್ಟ್ರು ಹೇಳಿದಾಗ ಹೆಂಡತಿ ಜೈನಬ್ ಬೀಗೆ ಆಶ್ಚರ್ಯವಾಗಿತ್ತು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯದ ಗಂಡಸು ಚಪ್ಪರ ಹಾಕಲು ಹೊರಟಿದ್ದಾನೆಂದರೆ ಒಳಗೇನೋ ಇದೆ ಎಂದುಕೊಂಡಿದ್ದಳು. ಕೇಳಿರಲಿಲ್ಲ.

ಒಳಗಿದ್ದದ್ದು ಮಿಸ್ ಹಾರ್‌ಗ್ರೀವ್ಸ್. ಆಕೆ ಇಂಗ್ಲೆಂಡಿನವಳು. ಅಲ್ಲಿನ ಹುಡುಗ ಹುಡುಗಿಯರು ಇಂಗ್ಲಿಷ್ ಕಲಿಸಲು ಆಫ್ರಿಕಾಕ್ಕೋ ನಮ್ಮಂಥ ದೇಶಗಳಿಗೋ ಹೋಗುತ್ತಾರಂತೆ. ಅವರ ಊರಿನಲ್ಲಿ ಕ್ಲಾಸಿಗೆ ಮೂವತ್ತು ಮಕ್ಕಳು. ಪರದೇಶಕ್ಕೆ ಹೋಗಿ ನೂರು ನೂರೈವತ್ತು ಮಕ್ಕಳ ಮುಂದೆ ನಿಂತ ಕೂಡಲೇ ಆ ಎಳೆಯ ಮೇಷ್ಟ್ರುಗಳಿಗೆ ದಿಕ್ಕು ತಪ್ಪುತ್ತದಂತೆ. ಅಂಥವರಿಗೆ ತರಬೇತಿ ಕೊಡುವುದು ಈಕೆಯ ಕೆಲಸ. ನೂರು ಮಕ್ಕಳನ್ನು ದಿನವೂ ಸಂಭಾಳಿಸುವ ನಮ್ಮ ಮೇಷ್ಟ್ರುಗಳು ಹೇಗೆ ಪಾಠ ಮಾಡುತ್ತಾರೆಂದು ಕಣ್ಣಾರೆ ನೋಡಿ ಹೋಗಬೇಕೆಂದು ಆಕೆ ಬಂದಿದ್ದಳು. ಗುಬ್ಬಿಯ ಆ ಹೈಸ್ಕೂಲಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರಿಗೆ ವರ್ಗವಾಗಿ, ಒಂಬತ್ತನೇ ಕ್ಲಾಸಿನ ಎ ಸೆಕ್ಷನ್ನನ್ನೂ ಬಿ ಸೆಕ್ಷನ್ನನ್ನೂ ಪ್ರಾರ್ಥನೆ ಮಾಡುವ ತಗಡಿನ ಹಾಲಿನಲ್ಲಿ ಒಟ್ಟಿಗೆ ಕೂಡಿಸಿದ್ದರು. ಮಕ್ಕಳು ನೂರಕ್ಕೆ ನಾಲ್ಕೈದು ಕಮ್ಮಿ. ಅವರಿಗೆಲ್ಲ ಒಬ್ಬರೇ ಜಹೀರ್ ಮೇಷ್ಟ್ರು. ಇಂಥ ಕ್ಲಾಸು ಸುತ್ತಮುತ್ತ ಬೇರೆಲ್ಲೂ ಇಲ್ಲವೆಂದು ಹೆಡ್‌ಮಾಸ್ಟರ್ ಸದಾಶಿವಯ್ಯನವರೇ ಹೆಮ್ಮೆಯಿಂದ ಬರೆದು ಕಳಿಸಿದ್ದರು. ಸದಾಶಿವಯ್ಯನವರು ಮಠಕ್ಕೆ ನಡೆದುಕೊಳ್ಳುವವರು. ಹಾರ್‌ಗ್ರೀವ್ಸ್ ಎಂಬ ಹೆಸರು ಅವರ ಬಾಯಲ್ಲಿ ಮೊದಲ ದಿನವೇ ಹರಗುರು ಆಗಿತ್ತು. ಶಾಲೆಯ ತುಂಬ ಹರಗುರು ಮೇಡಂ ಬರ್ತಾರೆ ಎಂಬ ಮಾತೇ.

ಜಹೀರ್ ಮೇಷ್ಟ್ರು ಹನ್ನೊಂದು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದರು. ವ್ಯಾಕರಣದಲ್ಲಿ ಅವರನ್ನು ಮೀರಿಸುವವರು ತಾಲ್ಲೂಕಿನಲ್ಲಿ ಇರಲಿಲ್ಲ. ಯಾವ ವಾಕ್ಯವನ್ನು ಕೊಟ್ಟರೂ ಕೋಳಿಯ ರೆಕ್ಕೆ ಪುಕ್ಕ ತರಿದಂತೆ ತರಿದು, ಕರ್ತೃ ಕರ್ಮ ಕ್ರಿಯೆ ಎಂದು ಬೇರೆಬೇರೆ ಗುಡ್ಡೆ ಹಾಕಿಬಿಡುತ್ತಿದ್ದರು. ಪಾಠ ಮಾತ್ರ ಕನ್ನಡದಲ್ಲೇ. ಒಂದು ಸಾಲು ಓದುವುದು, ಅದರ ಅರ್ಥವನ್ನು ಕನ್ನಡದಲ್ಲಿ ಹೇಳುವುದು, ಮಕ್ಕಳು ಬರೆದುಕೊಳ್ಳುವುದು. ಈ ಹನ್ನೊಂದು ವರ್ಷದಲ್ಲಿ, ತಿರುಗಿ ಉತ್ತರ ಕೊಡುವ ಒಬ್ಬ ಮನುಷ್ಯನ ಜೊತೆ ಅವರು ಇಂಗ್ಲಿಷಿನಲ್ಲಿ ಎರಡು ಮಾತು ಆಡಿದವರಲ್ಲ. ಒಮ್ಮೆ ಬೆಂಗಳೂರು ಸ್ಟೇಷನ್ನಿನಲ್ಲಿ ಒಬ್ಬ ಬಿಳಿಯ ಟೈಮ್ ಎಷ್ಟು ಎಂದು ಕೇಳಿದ್ದ. ಉತ್ತರದಲ್ಲಿ 'ಹಾಫ್' ಮೊದಲೋ 'ಪಾಸ್ಟ್' ಮೊದಲೋ, ನಡುವೆ 'ದಿ' ಬರಬೇಕೋ ಬೇಡವೋ ಎಂದು ಮೇಷ್ಟ್ರು ಯೋಚಿಸುತ್ತ ನಿಂತರು. ಕೊನೆಗೆ ಸುಮ್ಮನೆ ಕೈ ಚಾಚಿ ಗಡಿಯಾರವನ್ನೇ ತೋರಿಸಿದರು. ಆತ ಥ್ಯಾಂಕ್ಯೂ ಎಂದು ಹೋದ. ಅದಕ್ಕೂ ಒಂದು ಉತ್ತರ ಇದೆಯೆಂದು ಅವರಿಗೆ ನೆನಪಾದದ್ದು ರೈಲು ತುಮಕೂರು ದಾಟಿದ ಮೇಲೆ.

ಸದಾಶಿವಯ್ಯನವರಿಗೆ ಈ ಕಷ್ಟವಿರಲಿಲ್ಲ. ಅವರು ವಿಜ್ಞಾನದವರು. ಮೇಲಧಿಕಾರಿಗಳ ಇಂಗ್ಲಿಷ್ ಕೇಳಿ ಕೇಳಿ ಅರ್ಥವೆಲ್ಲ ಆಗುತ್ತಿತ್ತು. ಮಾತಾಡುವಾಗ ಬಾಯಿಗೆ ಬಂದದ್ದನ್ನು ಬಂದ ಹಾಗೆ ಆಡಿಬಿಡುತ್ತಿದ್ದರು. ಯಾವುದು ತಪ್ಪು ಎಂದು ಅವರಿಗೆ ಗೊತ್ತಿರಲಿಲ್ಲ, ಆದ್ದರಿಂದ ಭಯವೂ ಇರಲಿಲ್ಲ. ಜಹೀರ್ ಮೇಷ್ಟ್ರಿಗೆ ಪ್ರತಿಯೊಂದು ತಪ್ಪೂ ಹೆಸರು ಸಮೇತ ಗೊತ್ತಿತ್ತು. ಬಾಯಿ ತೆರೆದರೆ ಅವೆಲ್ಲ ಒಟ್ಟಿಗೇ ನುಗ್ಗಿ ಬರುತ್ತವೆಂದು ನಡುಕ. ಇಂಗ್ಲೆಂಡಿನಿಂದ ಬಂದವಳ ಮುಂದೆ ತಾನು ತಡವರಿಸಿದರೆ, ಇಷ್ಟು ವರ್ಷ ಈ ಊರಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಮನುಷ್ಯನಿಗೆ ಇಂಗ್ಲಿಷೇ ಬರುವುದಿಲ್ಲವೆಂದು ಸಂಜೆಯೊಳಗೆ ಮಾರ್ಕೆಟ್ಟಿನ ತನಕ ಸುದ್ದಿಯಾಗುತ್ತದೆ. ಆಮೇಲೆ ಯಾವ ಮುಖ ಹೊತ್ತು ಕ್ಲಾಸಿಗೆ ಹೋಗುವುದು, ಯಾವ ಹುಡುಗನಿಗೆ ಸೊನ್ನೆ ಹಾಕುವುದು? ಈ ಯೋಚನೆ ಹೊಕ್ಕ ದಿನದಿಂದ ಅವರಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಸ್ಟಾಫ್ ರೂಮಿಗೆ ಬಂದ ಸದಾಶಿವಯ್ಯನವರು, ಹರಗುರು ಮೇಡಂ ಇವತ್ತೇ ಬರ್ತಿದ್ದಾರೆ, ಮಧ್ಯಾಹ್ನದ ಹೊತ್ತಿಗೆ ಜೀಪು ಇಲ್ಲಿರುತ್ತೆ, ಜಹೀರ್ ಅವರೇ ರೆಡಿಯಾಗಿ ಎಂದರು.

ಜಹೀರ್ ಮೇಷ್ಟ್ರು ರಜೆ ಕೇಳಬೇಕೆಂದು ಬಾಯಿ ತೆರೆದರು. ನಾಲಗೆ ಒಣಗಿ ಅಂಗುಳಿಗೆ ಅಂಟಿಕೊಂಡಿತ್ತು. ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಕೀರ್ ಎಂದು ಒಂದು ಶಬ್ದ ಬಂತು, ಅಷ್ಟೇ.

ಸದಾಶಿವಯ್ಯನವರು ಏನಂದಿರಿ ಎಂದು ಕೇಳಿದರು. ಮತ್ತೆ ಕೀರ್.

"ಗಂಟಲು ಕಟ್ಟಿದೆಯೇನ್ರಿ?" ಎಂದರು ಸದಾಶಿವಯ್ಯನವರು ಗಾಬರಿಯಾಗಿ.

ಸುಳ್ಳು ಹೇಳಬೇಕೆಂದು ಜಹೀರ್ ಮೇಷ್ಟ್ರು ಎಣಿಸಿರಲಿಲ್ಲ. ಆದರೆ ಹೆಡ್‌ಮಾಸ್ಟರೇ ಬಾಗಿಲು ತೆರೆದು ಹಿಡಿದು ನಿಂತಿರುವಾಗ ಒಳಗೆ ಹೋಗದಿರುವುದು ಹೇಗೆ? ಅವರು ತಲೆಯಾಡಿಸಿದರು. ಮರುನಿಮಿಷವೇ ಬಾಯಲ್ಲಿ ನೀರೂರಿ, ಧ್ವನಿ ತಾನಾಗಿ ವಾಪಸು ಬಂದದ್ದು ಅವರಿಗೇ ತಿಳಿಯಿತು. ಅಷ್ಟರಲ್ಲಿ ತಲೆ ಆಡಿ ಆಗಿತ್ತು.

ಇನ್ನು ಮನೆಗೆ ಕಳಿಸುತ್ತಾರೆ ಎಂದು ಮೇಷ್ಟ್ರು ಎದ್ದರು. ಸದಾಶಿವಯ್ಯನವರು ಭುಜ ಹಿಡಿದು ಕೂಡಿಸಿದರು. ಶಾಲೆಯ ಮರ್ಯಾದೆ ಈಗ ಈ ಗಂಟಲಿನಲ್ಲಿದೆ, ಮಧ್ಯಾಹ್ನದೊಳಗೆ ಏನು ಮಾಡಿಯಾದರೂ ಇದನ್ನು ಬಿಡಿಸಬೇಕು ಎಂದು ಎಲ್ಲರಿಗೂ ಹೇಳಿದರು. ಅಲ್ಲಿಂದ ಶುರುವಾಯಿತು.

ಮೊದಲು ಎದ್ದು ಬಂದವರು ಲೆಕ್ಕದ ಮೇಷ್ಟ್ರು ಅಂಜಿನಪ್ಪ. ಅವರು ಯಾವುದನ್ನೂ ತಾಳೆ ನೋಡದೆ ಒಪ್ಪುವವರಲ್ಲ. ಅಯ್ಯೋ ಪಾಪ ಎನ್ನುತ್ತ ಹತ್ತಿರ ಬಂದು, ಹಿಮ್ಮಡಿಗೆ ಲಾಳ ಹೊಡೆಸಿದ್ದ ತಮ್ಮ ಚಪ್ಪಲಿಯನ್ನು ಜಹೀರ್ ಮೇಷ್ಟ್ರ ಕಾಲಿನ ಕಿರುಬೆರಳಿನ ಮೇಲೆ ಇಟ್ಟು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟರು. ಜಹೀರ್ ಮೇಷ್ಟ್ರ ಬಾಯಿ ಗುಹೆಯಂತೆ ತೆರೆದುಕೊಂಡಿತು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಆದರೆ ಒಂದು ಸ್ವರ ಹೊರಡಲಿಲ್ಲ. ಅಂಜಿನಪ್ಪ ಕಾಲು ತೆಗೆದು, ನಿಜವಾಗ್ಲೂ ಹೋಗಿದೆ ಸಾರ್, ಸೀರಿಯಸ್ ಕೇಸು ಎಂದು ಒಪ್ಪಿಕೊಂಡರು.

ಆಮೇಲೆ ಸಿದ್ದಗಂಗಮ್ಮ ಬಂದಳು. ಶಾಲೆಯಲ್ಲಿ ನೀರು ತುಂಬಿಡುವ ಹೆಂಗಸು ಅವಳು. ಮೆಣಸು, ಶುಂಠಿ, ಹಿಪ್ಪಲಿ ಜಜ್ಜಿ ಕುದಿಸಿದ ಕಷಾಯವನ್ನು ದೊಡ್ಡ ಲೋಟದಲ್ಲಿ ತಂದು, ಬಿಸಿ ಆರೋ ಮುಂಚೆ ಒಂದೇ ಗುಟುಕಿಗೆ ಇಳಿಸಬೇಕೆಂದು ಎದುರಿಗೇ ನಿಂತಳು. ಅದು ಗಂಟಲಿನಲ್ಲಿ ಇಳಿಯಿತೋ ಗಂಟಲನ್ನೇ ಕಿತ್ತುಕೊಂಡು ಇಳಿಯಿತೋ ಮೇಷ್ಟ್ರಿಗೆ ತಿಳಿಯಲಿಲ್ಲ. ಕಿವಿಯಿಂದ ಹೊಗೆ ಬಂದಂತಾಯಿತು. ಲೋಟ ಖಾಲಿ ಮಾಡಿದ ಅವರನ್ನು ಎಲ್ಲರೂ ಬಾಗಿ ನೋಡಿದರು. ಈಗಲೇ ಧ್ವನಿ ಬಂತೆಂದು ಹೇಳಿಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಆಗ ಅಂಜಿನಪ್ಪ, ಆ ಮೇಡಂ ಇಂಗ್ಲಿಷ್ ಬಹಳ ಸ್ಪೀಡಂತೆ, ತುಮಕೂರಲ್ಲಿ ಒಬ್ಬರು ಮೇಷ್ಟ್ರು ಕೇಳ್ತಾ ಕೇಳ್ತಾನೇ ತಲೆ ಸುತ್ತಿ ಬಿದ್ದರಂತೆ ಎಂದು ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು. ಮೇಷ್ಟ್ರು ತಲೆ ಅಡ್ಡಡ್ಡ ಆಡಿಸಿದರು. ಸಿದ್ದಗಂಗಮ್ಮ ಎರಡನೇ ಲೋಟ ತರಲು ಹೋದಳು.

ಊರಿನಲ್ಲಿ ಸುದ್ದಿ ನಡೆದು ಹೋಗುವುದಿಲ್ಲ, ಹಾರುತ್ತದೆ. ಇಂಗ್ಲಿಷ್ ಮೇಷ್ಟ್ರ ಧ್ವನಿ ಹೋಯಿತು ಎಂದು ಶಾಲೆಯ ಗೇಟು ದಾಟಿದ ಸುದ್ದಿ, ಮಸೀದಿಯ ಬೀದಿ ಮುಟ್ಟುವಷ್ಟರಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆದು ನಾಲಗೆ ಬಿದ್ದುಹೋಯಿತು ಎಂದಾಗಿತ್ತು. ಜೈನಬ್ ಬೀ ಒಲೆಯ ಮೇಲಿನ ಪಾತ್ರೆಯನ್ನೂ ಇಳಿಸದೆ, ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಓಡಿ ಬಂದಳು. ಗಂಡ ಕುರ್ಚಿಯಲ್ಲಿ ನೆಟ್ಟಗೆ ಕೂತಿರುವುದನ್ನು ಕಂಡು ಅವಳಿಗೆ ಉಸಿರು ಬಂತು. ಉಸಿರಿನ ಹಿಂದೆಯೇ ಮಾತೂ ಬಂತು.

"ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ರಲ್ಲ, ಈಗೇನಾಯ್ತು?"

ಅಂಜಿನಪ್ಪ ಕಣ್ಣು ಕಿರಿದು ಮಾಡಿ ತಿರುಗಿದರು. ಜಹೀರ್ ಮೇಷ್ಟ್ರ ಬೆನ್ನಿನ ಮೇಲೆ ಬೆವರಿನ ಒಂದು ಹನಿ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನಡೆದುಕೊಂಡು ಹೋಯಿತು. ಮುಗಿಯಿತು, ಇಲ್ಲಿಗೆ ಮುಗಿಯಿತು ಎಂದುಕೊಂಡು ಅವರು ಹೆಂಡತಿಯ ಮುಖವನ್ನು ನೋಡಿದರು. ಜೈನಬ್ ಬೀ ಗಂಡನ ಕಣ್ಣನ್ನು ನೋಡಿದಳು. ಚಪ್ಪರ ಹಾಕಲು ಹೊರಟ ಗಂಡಸು ಅವಳಿಗೆ ಈಗ ಪೂರ್ತಿ ಅರ್ಥವಾದ. ಅವಳು ಸೆರಗಿಗೆ ಮುಖ ಒತ್ತಿಕೊಂಡು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಅಳತೊಡಗಿದಳು. ಅಳುವಿನ ನಡುವೆ, ನಾನು ಉಪ್ಪು ಸರಿಯಾಗಿ ಹಾಕಿದ್ದರೆ ಇವರು ಕೂಗ್ತಿರಲಿಲ್ಲ, ಕೂಗದೇ ಇದ್ದಿದ್ದರೆ ಗಂಟಲು ಹೋಗ್ತಿರಲಿಲ್ಲ ಎಂದಳು. ಸದಾಶಿವಯ್ಯನವರಿಗೆ ಅದು ಬಹಳ ಸರಿಯಾಗಿ ಕಂಡಿತು. ಆ ಕೂಗಿನಲ್ಲೇ ನರ ಹರಿದಿರಬೇಕು, ಡಾಕ್ಟರಿಗೆ ತೋರಿಸಲೇಬೇಕು ಎಂದು ಸೈಕಲ್ ತರಿಸಿದರು.

ಡಾಕ್ಟರ್ ರಂಗಣ್ಣನವರ ಷಾಪು ಬಸ್ ಸ್ಟಾಂಡಿನ ಹತ್ತಿರ. ಹೆಡ್‌ಮಾಸ್ಟರು ಸೈಕಲ್ ತುಳಿದರು, ಜಹೀರ್ ಮೇಷ್ಟ್ರು ಹಿಂದೆ ಕ್ಯಾರಿಯರ್ ಮೇಲೆ ಕೂತರು. ಡಾಕ್ಟರು ಬ್ಯಾಟರಿ ಬಿಟ್ಟು, ಚಮಚದಲ್ಲಿ ನಾಲಗೆ ಒತ್ತಿ ಒಳಗೆಲ್ಲ ನೋಡಿದರು. ಕೆಂಪಿಲ್ಲ, ಊತವಿಲ್ಲ, ಹಸುಗೂಸಿನ ಗಂಟಲು ಇದ್ದ ಹಾಗಿದೆ ಎಂದರು. ಇನ್ನೇನು, ಇವರಿಗೇನೂ ಆಗಿಲ್ಲ ಎಂಬ ಮಾತು ಬರುತ್ತದೆ ಎಂದುಕೊಂಡರು ಜಹೀರ್ ಮೇಷ್ಟ್ರು.

ಆದರೆ ರಂಗಣ್ಣನವರು ಬ್ಯಾಟರಿ ಆರಿಸಿ ಗಂಭೀರವಾದರು. ಕಾಣುವಂಥದ್ದು ಏನಾದರೂ ಇದ್ದಿದ್ದರೆ ಔಷಧಿ ಕೊಡಬಹುದಿತ್ತು, ಏನೂ ಕಾಣುತ್ತಿಲ್ಲವೆಂದರೆ ರೋಗ ಬಹಳ ಒಳಗಿದೆ ಎಂದರು. ಒಂದು ವಾರದಲ್ಲಿ ಧ್ವನಿ ಬರದಿದ್ದರೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಬೇಕು, ಅಲ್ಲಿ ಇಲ್ಲಿಂದ ಇಲ್ಲಿಗೆ ಬಿಚ್ಚಿ ನೋಡುತ್ತಾರೆ ಎಂದು ತಮ್ಮ ಕುತ್ತಿಗೆಯ ಮೇಲೆ ಬೆರಳೆಳೆದು ತೋರಿಸಿದರು. ಆಮೇಲೆ ಎಮ್ಮೆಗೆ ಹಾಕುವಷ್ಟು ದಪ್ಪನೆಯ ಸೂಜಿಯನ್ನು ಕುದಿಯುವ ನೀರಿನಿಂದ ತೆಗೆದರು. ಸೊಂಟದ ಕೆಳಗೆ ಅದು ಇಳಿದಾಗ ಜಹೀರ್ ಮೇಷ್ಟ್ರಿಗೆ ಹುಟ್ಟಿದ ದಿನದಿಂದ ಇಂದಿನವರೆಗಿನದೆಲ್ಲ ಕಣ್ಣ ಮುಂದೆ ಹಾದುಹೋಯಿತು. ಹಲ್ಲು ಕಚ್ಚಿ ಹಿಡಿದರು, ಕೂಗಲಿಲ್ಲ.

"ಈ ಸೂಜಿಗೆ ಕೂಗದೇ ಇರೋ ಮನುಷ್ಯನ್ನ ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಧ್ವನಿ ಪೂರ್ತಿ ಹೋಗಿದೆ," ಎಂದು ಡಾಕ್ಟರು ಹೆಡ್‌ಮಾಸ್ಟರಿಗೆ ಹೇಳಿದರು. ಇವರು ಒಂದು ಮಾತೂ ಆಡಕೂಡದು, ಆಡಿದರೆ ನಾನು ಜವಾಬ್ದಾರನಲ್ಲ ಎಂದೂ ಸೇರಿಸಿದರು.

ಕುಂಟುತ್ತ ಹೊರಗೆ ಬಂದ ಜಹೀರ್ ಮೇಷ್ಟ್ರ ಮನಸ್ಸು ಮಾತ್ರ ಹಗುರವಾಗಿತ್ತು. ಇನ್ನು ತನ್ನನ್ನು ಯಾರೂ ಏನೂ ಮಾಡುವಂತಿಲ್ಲ. ಮನೆಯ ದಿಕ್ಕಿಗೆ ಕೈ ತೋರಿಸಿದರು. ಸದಾಶಿವಯ್ಯನವರು ಸೈಕಲ್ಲನ್ನು ಶಾಲೆಯ ದಿಕ್ಕಿಗೆ ತಿರುಗಿಸಿದರು.

"ಮಾತಾಡಬೇಡಿ ಅಂದ್ರಲ್ಲ, ಮಾತಾಡಬೇಡಿ. ಸುಮ್ನೆ ನಿಂತ್ಕೊಳ್ಳಿ. ಆಯಮ್ಮ ಕ್ಲಾಸು ನೋಡೋಕೆ ಬರ್ತಿರೋದು ತಾನೆ, ಕೇಳೋಕಲ್ಲವಲ್ಲ."

ಶಾಲೆಯ ಹೊಂಗೆಮರದ ಕೆಳಗೆ ಜೀಪು ಆಗಲೇ ನಿಂತಿತ್ತು.

ಮಿಸ್ ಹಾರ್‌ಗ್ರೀವ್ಸ್ ಎತ್ತರದ ಹೆಂಗಸು, ನಲವತ್ತರ ಮೇಲಿರಬೇಕು. ಡ್ರೈವರನನ್ನು ಬಿಟ್ಟರೆ ಜೊತೆಗೆ ಯಾರೂ ಇರಲಿಲ್ಲ. ಸದಾಶಿವಯ್ಯನವರು ಕೈಮುಗಿದು, "ಮೇಡಂ, ಹಿಸ್ ವಾಯ್ಸ್ ಗಾನ್. ಡಾಕ್ಟರ್ ಟೋಲ್ಡ್. ಬಟ್ ಹಿ ವಿಲ್ ಸ್ಟ್ಯಾಂಡ್," ಎಂದರು. ಆಕೆ ಜಹೀರ್ ಮೇಷ್ಟ್ರನ್ನು ತುಸು ಹೊತ್ತು ನೋಡಿ, ಹಾಲಿನೊಳಕ್ಕೆ ಹೋಗಿ ಪಕ್ಕದ ಗೋಡೆಗೆ ಹಾಕಿದ್ದ ಕುರ್ಚಿಯಲ್ಲಿ ಕೂತಳು.

ಮಕ್ಕಳು ಉಸಿರಾಡುತ್ತಿದ್ದಾರೋ ಇಲ್ಲವೋ ಎಂಬ ಹಾಗೆ ಕೂತಿದ್ದರು. ಅವರೂ ಹೆದರಿದ್ದರು. ಜಹೀರ್ ಮೇಷ್ಟ್ರು ಬೋರ್ಡಿನ ಮುಂದೆ ನಿಂತರು. ನೂರು ಜೊತೆ ಕಣ್ಣು ಎದುರಿಗೆ, ಆ ಒಂದು ಜೊತೆ ನೀಲಿ ಕಣ್ಣು ಪಕ್ಕದಲ್ಲಿ. ಏನು ಮಾಡಬೇಕೆಂದು ತೋಚಲಿಲ್ಲ. ತಗಡಿನ ಕೆಳಗೆ ಕಾವು ತಡೆಯಲಾರದೆ, ಮೊದಲು ಗಾಳಿಯಾದರೂ ಬರಲಿ ಎಂದು ಹೋಗಿ ಕಿಟಕಿ ತೆರೆದರು.

ಮುಂದಿನ ಸಾಲಿನ ಒಬ್ಬ ಹುಡುಗ ಇದು ತಮಗೆ ಕೇಳಿದ ಪ್ರಶ್ನೆಯೆಂದು ತಿಳಿದು, ಎದ್ದು ನಿಂತು, "ಸಾರ್ ಓಪನ್ ದಿ ವಿಂಡೋ," ಎಂದ.

ತಪ್ಪು ಕಿವಿಗೆ ಬಿದ್ದೊಡನೆ ಮೇಷ್ಟ್ರ ಕೈ ತಾನಾಗಿ ಸೀಮೆಸುಣ್ಣ ಹಿಡಿಯಿತು. ಬೋರ್ಡಿನ ಮೇಲೆ 'ಈಸ್' ಎಂದೂ 'ಇಂಗ್' ಎಂದೂ ಇಂಗ್ಲಿಷಿನಲ್ಲಿ ಬರೆದು, ನಡುವೆ ಒಂದು ಗೀಟು ಹಾಕಿ, ಹುಡುಗನ ಕಡೆ ತಿರುಗಿದರು. ಅವನು ಯೋಚಿಸಿ, "ಹಿ ಈಸ್ ಓಪನಿಂಗ್ ದಿ ವಿಂಡೋ," ಎಂದ. ಮೇಷ್ಟ್ರು ತಲೆಯಾಡಿಸಿದರು. ಹುಡುಗನ ಮುಖ ಅರಳಿತು.

ಅಷ್ಟೇ ಸಾಕಾಯಿತು. ಅವರು ಕಿಟಕಿ ಮುಚ್ಚಿದರು, ಹತ್ತು ಕೈ ಎದ್ದವು. ಹೂಜಿಯಿಂದ ನೀರು ಕುಡಿದರು, ಮೂವತ್ತು ಕೈ ಎದ್ದವು. ಒಬ್ಬ ಹುಡುಗ 'ಹಿ ಆರ್ ಡ್ರಿಂಕಿಂಗ್' ಎಂದಾಗ ಮೇಷ್ಟ್ರು ತಡೆಯಲಾರದೆ ತಲೆ ಅಲ್ಲಾಡಿಸಿದರು, ಹಿಂದಿನ ಸಾಲಿನ ಇನ್ನೊಬ್ಬ ತಿದ್ದಿದ. ಇವತ್ತಿನವರೆಗೆ ಒಂದು ಇಂಗ್ಲಿಷ್ ಮಾತೂ ಆಡದಿದ್ದ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತಿದ್ದರು. ಮೇಷ್ಟ್ರು ಬೆರಗಾದರು. ಇಷ್ಟು ದಿನ ತಾನೇ ಮಾತಾಡುತ್ತಿದ್ದುದರಿಂದ ಇವರಿಗೆ ಜಾಗವೇ ಇರಲಿಲ್ಲವೇನೋ ಎಂಬ ಯೋಚನೆ ಬಂದು, ಕಷಾಯದ ಉರಿಯ ನಡುವೆಯೂ ಎದೆಯಲ್ಲಿ ಏನೋ ತಂಪಾಯಿತು.

ಆಗ ಮಿಸ್ ಹಾರ್‌ಗ್ರೀವ್ಸ್ ಇನ್ನೂ ಚೆನ್ನಾಗಿ ನೋಡಲೆಂದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಕುರ್ಚಿ ಕಿರುಗುಟ್ಟಿತು. ಮೇಷ್ಟ್ರಿಗೆ ತಾನೆಲ್ಲಿದ್ದೇನೆಂಬುದು ಒಮ್ಮೆಲೇ ನೆನಪಾಗಿ ಹಣೆಯಿಂದ ಬೆವರು ಕಿತ್ತುಕೊಂಡು ಬಂತು. ಕರವಸ್ತ್ರ ತೆಗೆದು ಒರೆಸಿಕೊಂಡರು.

"ಹಿ ಈಸ್ ವೈಪಿಂಗ್ ಹಿಸ್ ಫೇಸ್," ಎಂದಿತು ಕ್ಲಾಸು.

ಕೈ ನಡುಗಿ ಸೀಮೆಸುಣ್ಣ ಕೆಳಗೆ ಬಿತ್ತು.

"ಹಿಸ್ ಹ್ಯಾಂಡ್ ಈಸ್ ಶೇಕಿಂಗ್."

ಮೇಷ್ಟ್ರು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಆಗ ಹುಡುಗಿಯರ ಕಡೆಯ ಸಾಲಿನಲ್ಲಿ ಸರ್ವಮಂಗಳ ಎಂಬುವಳು ಎದ್ದು ನಿಂತಳು. ಆ ವರ್ಷವೆಲ್ಲ ಬಾಯಿ ಬಿಡದ ಹುಡುಗಿ. ಅವಳು ಮೇಷ್ಟ್ರನ್ನು ಒಮ್ಮೆ, ಮೇಡಮ್ಮನ್ನು ಒಮ್ಮೆ ನೋಡಿ, ಸ್ಪಷ್ಟವಾಗಿ ಹೇಳಿದಳು.

"ಹಿ ಈಸ್ ಫಿಯರಿಂಗ್ ದಟ್ ಲೇಡಿ, ಸಾ."

ಬಾಗಿಲಲ್ಲಿ ನಿಂತಿದ್ದ ಸದಾಶಿವಯ್ಯನವರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಜಹೀರ್ ಮೇಷ್ಟ್ರಿಗೆ ಭೂಮಿ ಬಾಯಿ ತೆರೆದರೆ ಸಾಕೆನ್ನಿಸಿತು. ಏನೂ ಕೇಳಿಸದವರಂತೆ ಮುಂದಿನದಕ್ಕೆ ಹೋಗಿಬಿಟ್ಟಿದ್ದರೆ ಪಾರಾಗುತ್ತಿದ್ದರೋ ಏನೋ. ಆದರೆ ವಾಕ್ಯ ತಪ್ಪಾಗಿತ್ತು. 'ಫಿಯರಿಂಗ್' ಅಲ್ಲಿ ಬರುವಂತಿಲ್ಲ. ತಪ್ಪು ವಾಕ್ಯವನ್ನು ತಪ್ಪಾಗಿಯೇ ಬಿಟ್ಟು ಹೋಗುವುದು ಆ ಮನುಷ್ಯನ ಜನ್ಮದಲ್ಲಿ ಇರಲಿಲ್ಲ. ಬಿದ್ದಿದ್ದ ಸೀಮೆಸುಣ್ಣವನ್ನು ಎತ್ತಿಕೊಂಡು, ತಿರುಗಿ ನಿಂತು, ದಪ್ಪ ಅಕ್ಷರದಲ್ಲಿ ಸರಿಯಾದ ವಾಕ್ಯವನ್ನು ಬರೆದರು. ಅಭ್ಯಾಸಬಲದಿಂದ ಅದರ ಕೆಳಗೆ ಗೆರೆಯನ್ನೂ ಎಳೆದರು. ಎಲ್ಲರೂ ಓದಿ ಎಂದು ಕೈಯಲ್ಲೇ ಸನ್ನೆ ಮಾಡಿದರು.

"ಹಿ ಈಸ್ ಅಫ್ರೇಡ್ ಆಫ್ ದಟ್ ಲೇಡಿ," ಎಂದು ನೂರು ಮಕ್ಕಳು ತಗಡು ನಡುಗುವ ಹಾಗೆ ಓದಿದರು. ಒಂದು ಸಲವಲ್ಲ, ಮೂರು ಸಲ.

ಮಿಸ್ ಹಾರ್‌ಗ್ರೀವ್ಸ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜಗಳು ಕುಲುಕುತ್ತಿದ್ದವು. ಆಕೆ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ಸದಾಶಿವಯ್ಯನವರು ಗಂಟೆ ಹೊಡೆಸಿಬಿಟ್ಟರು.

ಮೇಡಮ್ಮಿಗೆ ಎಳನೀರು ತರಿಸಲು ಸದಾಶಿವಯ್ಯನವರು ಅತ್ತ ಹೋದರು. ಜಹೀರ್ ಮೇಷ್ಟ್ರು ಇತ್ತ ಗೋಡೆಯ ಸಂದಿಯಲ್ಲಿ ನುಸುಳಿ ಹೋಗಬೇಕೆಂದಿದ್ದರು. ಆಕೆ ಕೈಬೀಸಿ ಕರೆದಳು. ಹೊಂಗೆಮರದ ಕೆಳಗೆ, ಜೀಪಿನ ಪಕ್ಕದಲ್ಲಿ ಇಬ್ಬರೇ. ಕಟುಕನ ಮುಂದೆ ನಿಂತ ಕುರಿಯ ಹಾಗೆ ಮೇಷ್ಟ್ರು ತಲೆ ತಗ್ಗಿಸಿ ನಿಂತರು.

ಆಕೆ ಮಾತಾಡಿದಳು. ಒಂದೊಂದೇ ಮಾತನ್ನು ಬಿಡಿಸಿ, ಕಲಿಯುವವರ ಜೊತೆ ಮಾತಾಡಿ ಮಾತಾಡಿ ಪಳಗಿದ ನಿಧಾನದಲ್ಲಿ. ಎಲ್ಲಕ್ಕಿಂತ ದೊಡ್ಡ ಆಶ್ಚರ್ಯವೆಂದರೆ, ಮೇಷ್ಟ್ರಿಗೆ ಪ್ರತಿಯೊಂದು ಮಾತೂ ಅರ್ಥವಾಯಿತು.

ನಿಮ್ಮ ಗಂಟಲಿಗೆ ಏನೂ ಆಗಿಲ್ಲ, ಎಂದಳು ಆಕೆ. ಆ ಹುಡುಗ 'ಹಿ ಆರ್' ಎಂದಾಗ ನೀವು ತಲೆ ಅಲ್ಲಾಡಿಸುತ್ತ 'ಊಂಹೂಂ' ಎಂದಿರಿ. ಬಹಳ ಒಳ್ಳೆಯ ಧ್ವನಿ ಅದು.

ಮೇಷ್ಟ್ರು ಜೀಪಿನ ಚಕ್ರವನ್ನೇ ನೋಡುತ್ತ ನಿಂತರು. ಆಕೆ ಮುಂದುವರಿದು ಒಂದು ಹಳೆಯ ವಿಷಯ ಹೇಳಿದಳು. ಆಕೆಗೆ ಇಪ್ಪತ್ತೆರಡು ವರ್ಷವಾಗಿದ್ದಾಗ, ಇಂಗ್ಲಿಷ್ ಕಲಿಸಲು ಮೊದಲ ಸಲ ಆಫ್ರಿಕಾಕ್ಕೆ ಹೋದಾಗಿನ ಮಾತು. ಕ್ಲಾಸಿನ ಬಾಗಿಲಿಗೆ ಹೋಗಿ ಒಳಗೆ ಇಣುಕಿದಳಂತೆ. ಬೆಂಚಿನ ಮೇಲೆ, ಕಿಟಕಿಯ ಮೇಲೆ, ನೆಲದ ಮೇಲೆ, ಕಣ್ಣು ಹಾಯಿಸಿದಲ್ಲೆಲ್ಲ ಮಕ್ಕಳು. ತಿರುಗಿ ಹೋಗಿ ಹೆಡ್‌ಮಾಸ್ಟರಿಗೆ ಗಂಟಲು ತೋರಿಸಿ, ಧ್ವನಿ ಹೋಗಿದೆ ಎಂದು ಸನ್ನೆ ಮಾಡಿದಳಂತೆ. ಮೂರು ದಿನ ಆ ಊರಿನ ಹೆಂಗಸರೆಲ್ಲ ಸೇರಿ ಸುಡುಸುಡುವ ಶುಂಠಿ ಮೆಣಸಿನ ನೀರು ಕುಡಿಸಿದರಂತೆ. ಅದರ ಹಿಂಸೆ ತಾಳಲಾರದೆ ನಾಲ್ಕನೇ ದಿನ ಕ್ಲಾಸಿಗೆ ಹೋದಳಂತೆ. ಇಲ್ಲಿಯೂ ಅದನ್ನು ಕೊಡುತ್ತಾರೆಯೇ ಎಂದು ಆಕೆ ಕೇಳಿದಳು.

"ಯೆಸ್, ಮೇಡಂ. ವೆರಿ ಹಾಟ್. ಟೂ ಗ್ಲಾಸಸ್," ಎಂದರು ಜಹೀರ್ ಮೇಷ್ಟ್ರು.

ಅಂದ ಮೇಲೆ ಬೆಚ್ಚಿಬಿದ್ದರು. ಮಾತಾಡಿದ್ದು ತಾನೇ, ಅದೂ ಇಂಗ್ಲಿಷಿನಲ್ಲಿ. ಆಕಾಶ ಬೀಳಲಿಲ್ಲ. ಆಕೆ ಗಟ್ಟಿಯಾಗಿ ನಕ್ಕಳು. ಮೇಷ್ಟ್ರು ಇನ್ನೊಂದು ವಾಕ್ಯ ಆಡಿ ನೋಡಿದರು, ಡಾಕ್ಟರು ಸೂಜಿ ಚುಚ್ಚಿದ್ದು. ಅದಕ್ಕೂ ನಕ್ಕಳು. ಬಹುವಚನ, ಭೂತಕಾಲ ಎಲ್ಲ ತಾ ಮುಂದು ನಾ ಮುಂದು ಎಂದು ಸರಿಯಾದ ಜಾಗದಲ್ಲೇ ಬಂದು ನಿಲ್ಲುತ್ತಿದ್ದವು. ಈ ಸುಳ್ಳನ್ನು ನಾನು ಯಾರಿಗೂ ಹೇಳುವುದಿಲ್ಲ, ಇಬ್ಬರದೂ ಒಂದೇ ಸುಳ್ಳು ಎಂದಳು ಆಕೆ. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ಹೊತ್ತಿದ್ದ ಭಯ ಹೆಗಲಿನಿಂದ ಜಾರಿ ಬಿದ್ದು, ತಾನು ಎರಡಾಳು ಎತ್ತರವಾದಂತೆ ಅನ್ನಿಸಿತು.

ಖುಷಿಯಲ್ಲಿ ಆಕೆಯ ಮಾತಿನ ವೇಗ ಹೆಚ್ಚಿತು. ಕೈ ಆಡಿಸುತ್ತ, ಕ್ಲಾಸಿನ ಕಡೆ ತೋರಿಸುತ್ತ ಏನೇನೋ ಹೇಳತೊಡಗಿದಳು. ಆ ವೇಗಕ್ಕೆ ಮೇಷ್ಟ್ರಿಗೆ ಹತ್ತರಲ್ಲಿ ಒಂದು ಮಾತೂ ಸಿಗಲಿಲ್ಲ. ಆದರೆ ಈಗ ಅವರು ಹಿಂಜರಿಯುವ ಮನುಷ್ಯನಾಗಿರಲಿಲ್ಲ. ಆಕೆ ಎಲ್ಲೆಲ್ಲಿ ನಿಲ್ಲಿಸಿ ಇವರ ಮುಖ ನೋಡಿದಳೋ ಅಲ್ಲೆಲ್ಲ ಎದೆಯೆತ್ತಿ, "ಯೆಸ್, ಮೇಡಂ," ಎಂದರು. ಮೂರು ಸಲ ನಿಲ್ಲಿಸಿದಳು, ಮೂರು ಸಲವೂ ಯೆಸ್ ಎಂದರು. ಮೂರನೆಯ ಸಲ, "ವಿತ್ ಪ್ಲೆಷರ್," ಎಂದೂ ಸೇರಿಸಿದರು. ಆಕೆ ಕೈಕುಲುಕಿ ಜೀಪು ಹತ್ತಿದಳು. ಜೀಪು ಧೂಳೆಬ್ಬಿಸಿಕೊಂಡು ತುಮಕೂರಿನ ರಸ್ತೆಗೆ ತಿರುಗಿತು.

ಧೂಳು ಇಳಿದಾಗ, ಜೀಪು ನಿಂತಿದ್ದ ಜಾಗದ ಆಚೆ ಬದಿಯಲ್ಲಿ ಸದಾಶಿವಯ್ಯನವರು ಕೈಯಲ್ಲೊಂದು ಎಳನೀರು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಜಹೀರ್ ಮೇಷ್ಟ್ರು ಬೈಗುಳಕ್ಕಾಗಿ ಕಾದು ನಿಂತರು. ಆದರೆ ಸದಾಶಿವಯ್ಯನವರ ಕಣ್ಣು ಒದ್ದೆಯಾಗಿತ್ತು. ಅವರು ಬಂದದ್ದು ಮಾತು ಅರ್ಧ ಮುಗಿದ ಮೇಲೆ. ಆ ಹಳೆಯ ವಿಷಯವನ್ನು ಕೇಳಿಸಿಕೊಂಡಿರಲಿಲ್ಲ. ಕೇಳಿದ್ದು ಮೂರು ಪ್ರಶ್ನೆ, ಮೂರು ಯೆಸ್.

"ಡಾಕ್ಟರು ಬೇಡ ಅಂದ್ರೂ ಬಾಯಿ ಬಿಟ್ರಲ್ಲ, ನೀವು ಇಷ್ಟು ಧೈರ್ಯಸ್ಥರು ಅಂತ ನನಗೆ ಗೊತ್ತೇ ಇರಲಿಲ್ಲ ಜಹೀರ್ ಅವರೇ," ಎಂದರು ಸದಾಶಿವಯ್ಯನವರು. "ಮಾತಿಲ್ಲದೆ ನೂರು ಮಕ್ಕಳಿಗೆ ಇಂಗ್ಲಿಷ್ ಕಲಿಸೋದು ಹೆಂಗೆ ಅಂತ ನಾಳೆ ಬೆಳಿಗ್ಗೆ ತುಮಕೂರಲ್ಲಿ ಜಿಲ್ಲೆಯ ಮೇಷ್ಟ್ರುಗಳಿಗೆಲ್ಲ ಒಂದು ಗಂಟೆ ಮಾತಾಡ್ತೀರಾ ಅಂತ ಕೇಳಿದ್ರು. ತಕ್ಷಣ ಯೆಸ್ ಅಂದ್ರಿ. ಇಂಗ್ಲಿಷಲ್ಲೇ ಮಾತಾಡ್ತೀರಾ ಅಂದ್ರು. ಅದಕ್ಕೂ ಯೆಸ್. ಅದನ್ನ ಟೇಪ್ ರೆಕಾರ್ಡರಲ್ಲಿ ಹಿಡಿದು ಇಂಗ್ಲೆಂಡಿಗೆ ತಗೊಂಡು ಹೋಗಿ, ಪರದೇಶಕ್ಕೆ ಹೊರಡೋ ಮೇಷ್ಟ್ರುಗಳಿಗೆಲ್ಲ ಕೇಳಿಸ್ತೀನಿ, ಆಗಬಹುದಾ ಅಂದ್ರು. ವಿತ್ ಪ್ಲೆಷರ್ ಅಂದ್ರಲ್ರೀ."

ಜಹೀರ್ ಮೇಷ್ಟ್ರು ಕುತ್ತಿಗೆ ಹಿಡಿದುಕೊಂಡು, ಮುಖ ಸೊಟ್ಟ ಮಾಡಿ, ತಮಗಿದ್ದ ಒಂದೇ ದಾರಿಗೆ ತಿರುಗಿದರು.

"ಸಾರ್, ನನ್ನ ಗಂಟಲು!" ಎಂದರು.

ಅದು ಶಾಲೆಯ ಗಂಟೆಯಷ್ಟು ಸ್ಪಷ್ಟವಾಗಿ ಮೊಳಗಿತು. ಜಗಲಿಯ ಮೇಲೆ ಅಂಜಿನಪ್ಪ ತಿರುಗಿ ನೋಡಿದರು. ನೀರಿನ ತೊಟ್ಟಿಯ ಹತ್ತಿರ ಸಿದ್ದಗಂಗಮ್ಮ ಕೊಡ ಇಳಿಸಿ ನಿಂತಳು.

"ಕಟ್ಟಿದ್ದು ಬಿಟ್ಟೋಯ್ತಲ್ಲ, ನೋಡಿ," ಎಂದು ಸದಾಶಿವಯ್ಯನವರು ಎಳನೀರನ್ನು ಅವರ ಕೈಗಿಟ್ಟು ಬೆನ್ನು ತಟ್ಟಿದರು. ಆಮೇಲೆ ತೊಟ್ಟಿಯ ಕಡೆಗೆ ತಿರುಗಿ, "ಸಿದ್ದಗಂಗಮ್ಮ, ನಾಳೆ ಬೆಳಿಗ್ಗೆ ಹೊರಡೋ ಮುಂಚೆ ಮೇಷ್ಟ್ರಿಗೆ ಇನ್ನೆರಡು ಲೋಟ ಕುಡಿಸಿಬಿಡಮ್ಮ," ಎಂದರು.